ಡುಶೇನ್ ಇರುವ ಮಗನಿಗೆ ಅಣಬೆ ಪುಡಿ ಕೊಡಬಹುದಾ?

ಪ್ರಶ್ನೆ: ನನ್ನ ಮಗನಿಗೆ 10 ವರ್ಷ. ಡುಶೇನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದರೆ ಸ್ನಾಯುಗಳು ಕ್ರಮೇಣ ಸೋಲುವ ಕಾಯಿಲೆ ಎಂದು ಜೀನ್ ಪರೀಕ್ಷೆಯಲ್ಲಿ ಗೊತ್ತಾಗಿ ಮೂರು ವರ್ಷ ಆಯಿತು. ಇನ್ನೂ ನಡೆಯುತ್ತಾನೆ, ಮೆಟ್ಟಿಲು ಹತ್ತುವಾಗ ಮಾತ್ರ ಕೈ ಹಿಡಿಯಬೇಕು. ಅಂದಿನಿಂದ ಡೆಫ್ಲಜಾಕಾರ್ಟ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಡುತ್ತಿದ್ದೇವೆ, ಈಗ ದಿನಕ್ಕೆ 24 ಮಿಲಿಗ್ರಾಂ. ಮುಖ ಊದಿಕೊಂಡಿದೆ, ಹಸಿವು ಜಾಸ್ತಿ. ನನ್ನ ನಾದಿನಿಯ ಯಜಮಾನರು ಒಂದು ಡಬ್ಬಿ ಅಣಬೆ ಪುಡಿ ತಂದುಕೊಟ್ಟಿದ್ದಾರೆ. ರೇಶಿ, ಲಯನ್ಸ್ ಮೇನ್, ಕಾರ್ಡಿಸೆಪ್ಸ್, ಚಾಗಾ ನಾಲ್ಕೂ ಸೇರಿದೆಯಂತೆ. ಆ್ಯಂಟಿಆಕ್ಸಿಡೆಂಟ್ ತುಂಬಾ ಇರುವುದರಿಂದ ಸ್ನಾಯುವಿನ ಕೋಶಗಳು ಸಾಯದಂತೆ ಕಾಪಾಡುತ್ತದೆ, ಆರು ತಿಂಗಳಲ್ಲಿ ಸ್ಟೀರಾಯ್ಡ್ ಬಿಡಬಹುದು ಅನ್ನುತ್ತಾರೆ. ತಿಂಗಳಿಗೆ 3,800 ರೂಪಾಯಿ. ಇದು ನಿಜವೇ? ಅದರ ಬದಲು ನಮ್ಮೂರಲ್ಲೇ ಬೆಳೆಯುವ ಅಣಬೆ ತಿನ್ನಿಸಿದರೆ ಆಗದೇ? ಅವನಿಗೆ ಅಣಬೆ ಇಷ್ಟ.
ಒಬ್ಬ ತಾಯಿ, ಮಂಡ್ಯ ತಾಲೂಕು

ಉತ್ತರ: ತಾಯಿ, ಉಳಿದದ್ದೆಲ್ಲ ಆಮೇಲೆ. ಡೆಫ್ಲಜಾಕಾರ್ಟ್ ನಿಲ್ಲಿಸಬೇಡಿ. ಆರು ತಿಂಗಳಾದ ಮೇಲೆ ಅಂತಲ್ಲ, ಒಂದು ದಿನವೂ ತಪ್ಪಿಸಬೇಡಿ. ಮೂರು ವರ್ಷದಿಂದ ಸ್ಟೀರಾಯ್ಡ್ ಹೊರಗಿನಿಂದ ಸಿಗುತ್ತಿದೆ. ಹಾಗಾಗಿ ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಬಿಟ್ಟು ಮಲಗಿರುತ್ತದೆ. ಮಾತ್ರೆ ತಟ್ಟನೆ ನಿಂತರೆ ಅದು ಅಷ್ಟು ಬೇಗ ಏಳುವುದಿಲ್ಲ. ವಾಂತಿ, ವಿಪರೀತ ಸುಸ್ತು, ಬಿಪಿ ಕುಸಿಯುವುದು, ಸಣ್ಣ ಜ್ವರಕ್ಕೇ ಮಗು ಪ್ರಜ್ಞೆ ತಪ್ಪುವುದು, ಹೀಗೆಲ್ಲ ಆಗಿ ಪ್ರಾಣಕ್ಕೇ ಬರಬಹುದು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೂ ಇದೇ ಕಥೆ. ಆಗ ನಾಳೆ ನೋಡೋಣ ಅನ್ನದೆ ಆಸ್ಪತ್ರೆಗೆ ಹೋಗಿ, "ಸ್ಟೀರಾಯ್ಡ್ ಮೇಲಿದ್ದಾನೆ" ಅಂತ ಮೊದಲು ಹೇಳಿ. ಡೋಸ್ ಇಳಿಸಲೇಬೇಕಾದರೆ ನಿಮ್ಮ ಡಾಕ್ಟರು ವಾರಗಟ್ಟಲೆ ತೆಗೆದುಕೊಂಡು ನಿಧಾನವಾಗಿ ಇಳಿಸುತ್ತಾರೆ.

ಇನ್ನು ಪುಡಿಯ ವಿಷಯ. ನಿಮ್ಮ ನಾದಿನಿಯ ಯಜಮಾನರು ಹೇಳಿದ್ದು ಪೂರ್ತಿ ಕಟ್ಟುಕಥೆ ಅಲ್ಲ. ಅರ್ಧ ನಿಜ. ನನಗೆ ಭಯ ಆಗುವುದು ಆ ಅರ್ಧದಿಂದಲೇ.

ನಿಜ ಎಷ್ಟು ಅಂತ ನಾಲೆ ಲೆಕ್ಕದಲ್ಲಿ ಹೇಳುತ್ತೇನೆ. ಸ್ನಾಯುವಿನ ಒಂದೊಂದು ಕೋಶಕ್ಕೂ ಸುತ್ತ ತೆಳ್ಳನೆಯ ಪೊರೆ ಇದೆ. ಅದೇ ನಾಲೆಯ ಏರಿ ಅಂದುಕೊಳ್ಳಿ. ಸ್ನಾಯು ಬಿಗಿದು ಸಡಿಲವಾದಾಗಲೆಲ್ಲ ಏರಿಯ ಮೇಲೆ ಒತ್ತಡ ಬೀಳುತ್ತದೆ. ಅದು ಬಿರಿಯದ ಹಾಗೆ ಒಳಗಿನಿಂದ ಹಿಡಿದಿಡುವ ಪ್ರೋಟೀನಿನ ಹೆಸರು ಡಿಸ್ಟ್ರೋಫಿನ್. 1987ರಲ್ಲಿ ಇದು ಯಾವುದು ಅಂತ ಗೊತ್ತಾಯಿತು. ನಿಮ್ಮ ಮಗನ ದೇಹದಲ್ಲಿ ಆ ಪ್ರೋಟೀನ್ ತಯಾರಾಗುತ್ತಿಲ್ಲ. ಹಾಗಾಗಿ ಅವನು ಮೆಟ್ಟಿಲು ಹತ್ತಿ ಇಳಿದರೂ ಸಾಕು, ಅಲ್ಲೊಂದು ಇಲ್ಲೊಂದು ಬಿರುಕು. ಕೋಶದ ಒಳಗಿಗಿಂತ ಹೊರಗೆ ಕ್ಯಾಲ್ಸಿಯಂ ಸುಮಾರು ಹತ್ತು ಸಾವಿರ ಪಟ್ಟು ಜಾಸ್ತಿ ಇರುತ್ತದೆ. ಬಿರುಕು ಬಿಟ್ಟಲ್ಲೆಲ್ಲ ಅದು ಒಳಗೆ ನುಗ್ಗುತ್ತದೆ. ಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾ ಅದರಲ್ಲಿ ಮುಳುಗಿ ಕೆಡುತ್ತವೆ. ಕೆಟ್ಟ ಗಾಡಿ ಕರಿ ಹೊಗೆ ಉಗುಳುವ ಹಾಗೆ ಫ್ರೀ ರ್‍ಯಾಡಿಕಲ್‌ಗಳನ್ನು ಉಗುಳುತ್ತವೆ. ಈ ಹೊಗೆ ಪೊರೆಯನ್ನು ಇನ್ನಷ್ಟು ಕೆಡಿಸುತ್ತದೆ. ಕೊನೆಗೆ ಕೋಶ ಸಾಯುತ್ತದೆ, ಆ ಜಾಗಕ್ಕೆ ಕೊಬ್ಬು ಮತ್ತು ನಾರು ಬಂದು ಕೂರುತ್ತದೆ. ನಿಮ್ಮ ಮಗನ ಮೀನಖಂಡ ದಪ್ಪಗೆ, ಗಟ್ಟಿಯಾಗಿ ಕಾಣುತ್ತದಲ್ವಾ? ಅದು ಬಲ ಅಲ್ಲ, ಬಹುಪಾಲು ಹೀಗೆ ತುಂಬಿಕೊಂಡದ್ದು.

ಆ್ಯಂಟಿಆಕ್ಸಿಡೆಂಟ್ ಅಂದರೆ ಈ ಹೊಗೆಯನ್ನು ತಗ್ಗಿಸುವ ವಸ್ತು. ಅದು ಏರಿ ಕಟ್ಟುವುದಿಲ್ಲ. ಗದ್ದೆಗೆ ನುಗ್ಗಿದ ನೀರನ್ನು ಬಿಂದಿಗೆಯಲ್ಲಿ ಮೊಗೆದು ಚೆಲ್ಲುತ್ತದೆ, ಅಷ್ಟೇ. ಅದೂ ಒಂದು ಕೆಲಸವೇ, ಇಲ್ಲ ಅನ್ನುವುದಿಲ್ಲ. ಆದರೆ ಮೇಲೆ ನಾಲೆ ಹರಿಯುತ್ತಲೇ ಇದೆ.

ಈ ಬಿಂದಿಗೆ ಕೆಲಸವನ್ನು ಅಣಬೆಗಿಂತ ಎಷ್ಟೋ ಬಲವಾದ ಔಷಧಗಳಿಂದ ಮಾಡಿ ನೋಡಿದ್ದಾರೆ. 1980ರ ದಶಕದಲ್ಲೇ ಡುಶೇನ್ ಮಕ್ಕಳಿಗೆ ವಿಟಮಿನ್ ಇ ಕೊಟ್ಟು ನೋಡಿದರು, ಪ್ರಯೋಜನ ಕಾಣಲಿಲ್ಲ. ಆಮೇಲೆ ಇಡೆಬೆನೋನ್ ಎಂಬ ಆ್ಯಂಟಿಆಕ್ಸಿಡೆಂಟ್ ಔಷಧ ಬಂತು. ಸ್ಟೀರಾಯ್ಡ್ ತೆಗೆದುಕೊಳ್ಳದ ಹುಡುಗರಲ್ಲಿ ಉಸಿರಾಟದ ಬಲ ಕುಗ್ಗುವುದು ಸ್ವಲ್ಪ ನಿಧಾನವಾಯಿತು ಅಂತ 2015ರಲ್ಲಿ ವರದಿ ಬಂದಾಗ ನಾವೆಲ್ಲ ಖುಷಿಪಟ್ಟಿದ್ದೆವು. ನಿಮ್ಮ ಮಗನಂತೆ ಸ್ಟೀರಾಯ್ಡ್ ಮೇಲಿರುವ ಹುಡುಗರಲ್ಲಿ ಇನ್ನೂ ದೊಡ್ಡ ಪ್ರಯೋಗ ನಡೆಯಿತು. ಫಲ ಸಿಗುವ ಲಕ್ಷಣ ಇಲ್ಲವೆಂದು 2020ರಲ್ಲಿ ಅದನ್ನು ನಡುವೆಯೇ ನಿಲ್ಲಿಸಿದರು. ಎಎಲ್‌ಎಸ್ ಎನ್ನುವ ನರದ ಕಾಯಿಲೆಗೇನೋ ಎಡಾರಾವೋನ್ ಎಂಬ ಆ್ಯಂಟಿಆಕ್ಸಿಡೆಂಟ್‌ಗೆ ಜಪಾನಿನಲ್ಲಿ 2015ರಲ್ಲಿ, ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಲಾಭವೂ ಆಯ್ದ ಕೆಲವು ರೋಗಿಗಳಲ್ಲಿ, ಅಲ್ಪಸ್ವಲ್ಪ. ಲ್ಯಾಬಿನಲ್ಲಿ ಅಳೆದು, ಶುದ್ಧ ಮಾಡಿ, ಲೆಕ್ಕ ಇಟ್ಟು ಕೊಟ್ಟ ಔಷಧಗಳ ಪಾಡೇ ಇದು. ಡಬ್ಬಿಯೊಳಗಿನ ಕಂದು ಪುಡಿಯಿಂದ ಆರು ತಿಂಗಳಲ್ಲಿ ಸ್ಟೀರಾಯ್ಡ್ ಬಿಡಿಸುತ್ತೇನೆ ಅನ್ನುವವರ ಧೈರ್ಯ ನನಗಂತೂ ಇಲ್ಲ. ಡುಶೇನ್‌ಗೆ ಆಗಲಿ, ಬೇರೆ ಯಾವ ನರಸ್ನಾಯು ಕಾಯಿಲೆಗೇ ಆಗಲಿ, ಒಪ್ಪಿಗೆ ಪಡೆದ ಅಣಬೆ ಪುಡಿ ಒಂದೂ ಇಲ್ಲ.

"ಇಲಿಗಳಲ್ಲಿ ಕೆಲಸ ಮಾಡಿದೆಯಲ್ಲ" ಅಂತ ಮೊಬೈಲಿನಲ್ಲಿ ತೋರಿಸುತ್ತಾರೆ. ಡಿಸ್ಟ್ರೋಫಿನ್ ಇಲ್ಲದ ಇಲಿಯ ತಳಿಯನ್ನು 1984ರಿಂದ ಪ್ರಯೋಗಗಳಲ್ಲಿ ಬಳಸುತ್ತಿದ್ದಾರೆ. ಆದರೆ ಆ ಇಲಿಗೆ ಕಾಯಿಲೆ ತುಂಬಾ ಸೌಮ್ಯ. ಓಡಾಡಿಕೊಂಡು, ಮರಿ ಹಾಕಿಕೊಂಡು, ಹೆಚ್ಚುಕಡಿಮೆ ಪೂರ್ತಿ ಆಯುಷ್ಯ ಬದುಕುತ್ತದೆ. ಅದನ್ನು ಗೆಲ್ಲಿಸಿದ ಎಷ್ಟೋ ಔಷಧ ಮಕ್ಕಳ ಹತ್ತಿರ ಬಂದಾಗ ಸೋತಿವೆ.

ಡಬ್ಬಿಯ ನಾಲ್ಕು ಹೆಸರಿನ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಲಯನ್ಸ್ ಮೇನ್ ನರ ಬೆಳೆಸುತ್ತದೆ ಅನ್ನುತ್ತಾರೆ. 2009ರಲ್ಲಿ ಜಪಾನಿನಲ್ಲಿ ಸ್ವಲ್ಪ ಮರೆವು ಶುರುವಾಗಿದ್ದ 30 ಹಿರಿಯರ ಮೇಲೆ 16 ವಾರ ಪ್ರಯೋಗ ಮಾಡಿದಾಗ ಅದನ್ನು ತಿಂದವರ ಅಂಕ ಸುಧಾರಿಸಿತು. ನಿಲ್ಲಿಸಿದ ನಾಲ್ಕು ವಾರಕ್ಕೆ ಮತ್ತೆ ಇಳಿಯಿತು. ಇರಲಿ, ಒಳ್ಳೆಯದೇ. ಆದರೆ ನಿಮ್ಮ ಮಗನ ಕೈಕಾಲಿನ ನರಗಳು ಚೆನ್ನಾಗಿಯೇ ಇವೆ. ತೊಂದರೆ ಇರುವುದು ಸ್ನಾಯುವಿನಲ್ಲಿ. ವೈರಿಂಗ್ ಸರಿಯಿದ್ದು ಮೋಟಾರ್ ಸುಟ್ಟಿರುವಾಗ ಹೊಸ ವೈರ್ ಎಳೆದು ಏನು ಬಂತು? ಕಾರ್ಡಿಸೆಪ್ಸ್‌ಗೆ ಹಿಮಾಲಯದ ಹೆಸರಿದೆ. ಈಗ ಮಾರುಕಟ್ಟೆಗೆ ಬರುವುದರಲ್ಲಿ ಬಹುಪಾಲು ಅದರ ಸಂಬಂಧಿ ತಳಿ, ಕೋಣೆಯೊಳಗೆ ಬಾಟಲಿಯಲ್ಲಿ ಬೆಳೆಸಿದ್ದು. ರೇಶಿ ಮತ್ತು ಚಾಗಾ ವಿಷಯಕ್ಕೆ ಮುಂದೆ ಬರುತ್ತೇನೆ, ಅವೆರಡೇ ನನ್ನ ತಲೆನೋವು.

ಶಿಲೀಂಧ್ರಗಳಿಂದ ಔಷಧವೇ ಬಂದಿಲ್ಲ ಅಂತಲ್ಲ. ಸ್ನಾಯು ಬೇಗ ದಣಿದು ಸೋಲುವ ಮಯಸ್ತೇನಿಯಾ ಎಂಬ ಕಾಯಿಲೆಯವರಲ್ಲಿ ಕೆಲವರಿಗೆ ನಾವು ಬರೆದುಕೊಡುವ ಸೈಕ್ಲೋಸ್ಪೋರಿನ್ ಮಣ್ಣಿನ ಒಂದು ಬೂಸ್ಟಿನಿಂದ ಬಂದದ್ದು. ಆ ಬೂಸ್ಟು ಕಾರ್ಡಿಸೆಪ್ಸ್‌ನ ನೆಂಟ ಅಂತ ಆಮೇಲೆ ಗೊತ್ತಾಯಿತು. ತಮಾಷೆ ಅಂದರೆ ಅದು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧ. ನಿಮ್ಮ ಡಬ್ಬಿಯ ಮೇಲೆ "ಇಮ್ಯೂನಿಟಿ ಹೆಚ್ಚಿಸುತ್ತದೆ" ಅಂತ ದಪ್ಪ ಅಕ್ಷರದಲ್ಲಿ ಇರಬೇಕು, ನೋಡಿ. ಡುಶೇನ್‌ನಲ್ಲಿ ಸ್ಟೀರಾಯ್ಡ್ ಕೊಡುವ ಒಂದು ಕಾರಣವೇ ಸ್ನಾಯುವಿನೊಳಗಿನ ಉರಿಯೂತವನ್ನು ತಗ್ಗಿಸಲು. ಒಂದು ಕೈಯಲ್ಲಿ ತಗ್ಗಿಸಿ ಇನ್ನೊಂದು ಕೈಯಲ್ಲಿ ಕೆಣಕುವುದು ಯಾಕೆ? ಮಯಸ್ತೇನಿಯಾ ಇರುವವರು ಇದನ್ನು ಓದುತ್ತಿದ್ದರೆ ಅವರಿಗೆ ಇನ್ನೂ ಖಡಾಖಂಡಿತವಾಗಿ ಹೇಳುತ್ತೇನೆ: ನಿಮ್ಮ ಕಾಯಿಲೆ ಬಂದಿರುವುದೇ ನಿಮ್ಮ ರಕ್ಷಣಾ ಪಡೆ ನಿಮ್ಮ ಮೇಲೇ ತಿರುಗಿಬಿದ್ದಿದ್ದರಿಂದ. ಅದಕ್ಕೆ ಟಾನಿಕ್ ಕುಡಿಸಬೇಡಿ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಮಾತು. ಸ್ವಲ್ಪ ನಿಧಾನವಾಗಿ ಓದಿ.

ಯಾರಾದರೂ ಗಟ್ಟಿಮುಟ್ಟಾದವರು ಒಂದು ಪುಡಿ ತಿಂದು ಅದು ಲಿವರ್‌ಗೆ ಹೊಡೆದರೆ ರಕ್ತ ಪರೀಕ್ಷೆಯಲ್ಲಿ ಎಸ್‌ಜಿಪಿಟಿ, ಎಸ್‌ಜಿಒಟಿ ಏರುತ್ತದೆ. ಡಾಕ್ಟರು ನೋಡಿದ ತಕ್ಷಣ "ಏನು ತಿಂದಿರಿ?" ಅಂತ ಕೇಳುತ್ತಾರೆ. ಕಿಡ್ನಿಗೆ ಹೊಡೆದರೆ ಕ್ರಿಯಾಟಿನಿನ್ ಏರುತ್ತದೆ. ಮನೆಗೆ ಕಳ್ಳ ಬಂದರೆ ನಾಯಿ ಬೊಗಳುವ ಹಾಗೆ ಇವೆರಡೂ ನಮಗೆ ಎಚ್ಚರಿಕೆ ಕೊಡುವ ಪರೀಕ್ಷೆಗಳು. ನಿಮ್ಮ ಮಗನಲ್ಲಿ ಎರಡೂ ಕೆಲಸಕ್ಕೆ ಬರುವುದಿಲ್ಲ.

ಎಸ್‌ಜಿಪಿಟಿ, ಎಸ್‌ಜಿಒಟಿ ಬರೀ ಲಿವರಿನಲ್ಲಿಲ್ಲ, ಸ್ನಾಯುವಿನಲ್ಲೂ ಇವೆ. ಏರಿ ಬಿರಿದ ಕಡೆಯಿಂದ ಅವು ದಿನವೂ ರಕ್ತಕ್ಕೆ ಸೋರುತ್ತಿರುತ್ತವೆ. ಹಾಗಾಗಿ ಡುಶೇನ್ ಮಕ್ಕಳಲ್ಲಿ ಲಿವರ್ ಆರೋಗ್ಯವಾಗಿದ್ದರೂ ಅವು ಯಾವಾಗಲೂ ಮೇಲೆಯೇ. ಸದಾ ಬೊಗಳುವ ನಾಯಿ ಕಳ್ಳ ಬಂದಾಗ ಬೊಗಳಿದರೆ ಯಾರಿಗೆ ಗೊತ್ತಾಗುತ್ತದೆ? ಕ್ರಿಯಾಟಿನಿನ್ ಕಥೆ ಇದರ ಉಲ್ಟಾ. ಅದು ತಯಾರಾಗುವುದು ಸ್ನಾಯುವಿನಿಂದ. ಸ್ನಾಯು ಕರಗಿದ ಮಕ್ಕಳಲ್ಲಿ ಅದು ಮೊದಲೇ ತೀರಾ ಕಡಿಮೆ. ಕಿಡ್ನಿ ಅರ್ಧ ಕೆಟ್ಟರೂ ರಿಪೋರ್ಟಿನಲ್ಲಿ "ನಾರ್ಮಲ್" ಅಂತಲೇ ಬರಬಹುದು. ಈ ನಾಯಿ ಬೊಗಳುವುದೇ ಇಲ್ಲ.

ಮೊದಲನೆಯದಕ್ಕೆ ಒಂದು ಉದಾಹರಣೆ. ಕೆಲವು ವರ್ಷಗಳ ಹಿಂದೆ ನಮ್ಮ ಓಪಿಡಿಗೆ ಆರು ವರ್ಷದ ಹುಡುಗನೊಬ್ಬ ಬಂದ. ಕೈಯಲ್ಲಿ ದಪ್ಪ ಫೈಲು. ಎಲ್ಲೋ ಎಸ್‌ಜಿಪಿಟಿ ಜಾಸ್ತಿ ಬಂದಿದೆ ಅಂತ ಎಂಟು ತಿಂಗಳಿಂದ "ಲಿವರ್" ಔಷಧ. ಎಣ್ಣೆ ಬಂದ್, ತುಪ್ಪ ಬಂದ್, ಮೇಲಿಂದ ಕಾಮಾಲೆಗೆ ಅಂತ ಬೇರಿನ ಕಷಾಯ. ಕಣ್ಣು ನೋಡಿದರೆ ಬೆಳ್ಳಗೇ ಇದೆ. ನೆಲದ ಮೇಲೆ ಕೂತು ಏಳಪ್ಪ ಅಂದೆ. ಹುಡುಗ ಮೊದಲು ಬೋರಲಾದ. ಕೈಕಾಲು ನಾಲ್ಕನ್ನೂ ಊರಿದ. ಆಮೇಲೆ ಒಂದು ಕೈ ಮೊಣಕಾಲಿನ ಮೇಲೆ, ಇನ್ನೊಂದು ಕೈ ತೊಡೆಯ ಮೇಲೆ, ತನ್ನ ಮೈಯನ್ನು ತಾನೇ ಹತ್ತಿಕೊಂಡು ಹೋದ ಹಾಗೆ ಎದ್ದು ನಿಂತ. ಅಲ್ಲಿಗೆ ಗೊತ್ತಾಯಿತು, ತೊಂದರೆ ಲಿವರಿನದಲ್ಲ, ಸ್ನಾಯುವಿನದು. ಸ್ನಾಯು ಎಷ್ಟು ಕೆಡುತ್ತಿದೆ ಅಂತ ತೋರಿಸುವ ಸಿಪಿಕೆ ಎಂಬ ರಕ್ತ ಪರೀಕ್ಷೆ ಮಾಡಿಸಿದರೆ ಹತ್ತು ಸಾವಿರ ದಾಟಿತ್ತು. ಇನ್ನೂರರ ಒಳಗಿರಬೇಕಾದದ್ದು ಅದು. ಆ ಎಂಟು ತಿಂಗಳು ಯಾರೂ ಅವನನ್ನು ನೆಲದಿಂದ ಏಳಿಸಿ ನೋಡಿರಲಿಲ್ಲ.

ಈಗ ರೇಶಿಗೆ ಬನ್ನಿ. ಚೀನಾ, ಜಪಾನಿನಲ್ಲಿ ಇದನ್ನು ಬಹಳ ಕಾಲದಿಂದ ಕಷಾಯ ಮಾಡಿ ಕುಡಿಯುತ್ತಾರೆ. ಆದರೆ ಪುಡಿಯಾಗಿ ತಿಂದವರಲ್ಲಿ ಲಿವರ್ ಕೆಟ್ಟ ಪ್ರಕರಣಗಳು ಹಾಂಗ್‌ಕಾಂಗ್ ಮತ್ತು ಥಾಯ್ಲೆಂಡಿನಿಂದ ವರದಿಯಾಗಿವೆ. ಥಾಯ್ಲೆಂಡಿನ ರೋಗಿ ತೀರಿಕೊಂಡರು. ಕಷಾಯ ಕುಡಿಯುವಾಗ ಏನೂ ಆಗದೆ, ಪುಡಿಗೆ ಬದಲಾಯಿಸಿದ ಒಂದೆರಡು ತಿಂಗಳಲ್ಲಿ ಹೀಗಾಯಿತು. ರೇಶಿ ರಕ್ತ ಹೆಪ್ಪುಗಟ್ಟುವುದನ್ನೂ ಸ್ವಲ್ಪ ತಡೆಯಬಹುದು. ಮುಂದೆ ಬೆನ್ನಿನದೋ ಹಿಮ್ಮಡಿಯದೋ ಆಪರೇಷನ್ ಬಂದರೆ ಅದೂ ಲೆಕ್ಕಕ್ಕೆ ಬರುತ್ತದೆ. ಚಾಗಾದಲ್ಲಿ ಆಕ್ಸಲೇಟ್ ಬಹಳ. ಕಿಡ್ನಿ ಕಲ್ಲಿಗೆ ಕಾರಣವಾಗುತ್ತದಲ್ಲ, ಅದೇ. ಜಪಾನಿನ ಒಬ್ಬ ಹಿರಿಯ ಮಹಿಳೆ ದಿನಕ್ಕೆ ನಾಲ್ಕೈದು ಚಮಚ ಚಾಗಾ ಪುಡಿಯನ್ನು ಆರು ತಿಂಗಳು ತಿಂದು ಎರಡೂ ಕಿಡ್ನಿ ಕಳೆದುಕೊಂಡ ಪ್ರಕರಣ 2014ರಲ್ಲಿ ಪ್ರಕಟವಾಯಿತು. ಇವೆಲ್ಲ ಅಪರೂಪ, ಒಪ್ಪುತ್ತೇನೆ. ಸಾವಿರಾರು ಜನ ತಿಂದು ಏನೂ ಆಗದೆ ಇದ್ದಾರೆ. ಆದರೆ ಆ ಅಪರೂಪದ ಘಟನೆ ನಿಮ್ಮ ಮಗನಲ್ಲಿ ನಡೆದರೆ ನಮಗೆ ತಡವಾಗಿ ತಿಳಿಯುತ್ತದೆ. ಬೇರೆಯವರಿಗೆ "ಕೊಟ್ಟು ನೋಡಿ, ಆಗದಿದ್ದರೆ ಬಿಡಿ" ಅಂದ ಹಾಗೆ ಇವನ ವಿಷಯದಲ್ಲಿ ಅನ್ನಲು ಆಗುವುದಿಲ್ಲ.

ಈಗಾಗಲೇ ಪುಡಿ ಶುರು ಮಾಡಿದ್ದರೆ ಗಾಬರಿ ಬೇಡ. ನಿಲ್ಲಿಸಿ, ಪುಡಿಯನ್ನು ಮಾತ್ರ. ನಿಮ್ಮ ಡಾಕ್ಟರ ಹತ್ತಿರ ಮುಚ್ಚಿಡದೆ ಹೇಳಿ, ಬೈದರೆ ಬೈಸಿಕೊಳ್ಳಿ. ಲಿವರ್ ನೋಡಲು ಜಿಜಿಟಿ ಮತ್ತು ಬಿಲಿರುಬಿನ್, ಕಿಡ್ನಿ ನೋಡಲು ಸಿಸ್ಟಾಟಿನ್ ಸಿ ಮಾಡಿಸಬಹುದಾ ಅಂತ ಕೇಳಿ. ಜಿಜಿಟಿ ಸ್ನಾಯುವಿನಿಂದ ಬರುವುದಿಲ್ಲ, ಸಿಸ್ಟಾಟಿನ್ ಸಿ ಸ್ನಾಯುವಿನ ಗಾತ್ರವನ್ನು ಕೇಳುವುದಿಲ್ಲ. ಹೆಸರು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಪುಡಿಯಲ್ಲಿ ಅಣಬೆ ಇದೆಯಾ ಅನ್ನುವುದೇ ಇನ್ನೊಂದು ಪ್ರಶ್ನೆ. ಅಮೆರಿಕದಲ್ಲಿ ಮಾರುವ 19 ರೇಶಿ ಉತ್ಪನ್ನಗಳನ್ನು ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದಾಗ ಲೇಬಲ್ಲಿಗೆ ತಕ್ಕ ಮಾಲು ಇದ್ದದ್ದು ಐದರಲ್ಲಿ ಮಾತ್ರ. ಅಣಬೆಯ ಬೇರಿನಂಥ ಬಿಳಿ ಎಳೆಗಳನ್ನು ಅಕ್ಕಿಯ ಮೇಲೋ ಜೋಳದ ಮೇಲೋ ಬೆಳೆಸಿ, ಕಾಳಿನ ಸಮೇತ ಒಣಗಿಸಿ ಪುಡಿ ಮಾಡುವುದೂ ಇದೆ. ಅಂದರೆ ದುಬಾರಿ ಅಕ್ಕಿ ಹಿಟ್ಟು. ಹಿಂದೊಮ್ಮೆ ಒಬ್ಬ ರೋಗಿ ತಂದ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಬಿಸಿನೀರಿಗೆ ಹಾಕಿದೆ. ಆರಿದ ಮೇಲೆ ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ಹನಿ ಬಿಟ್ಟೆ. ಶಾಲೆಯಲ್ಲಿ ಆಲೂಗಡ್ಡೆಗೆ ಮಾಡಿ ತೋರಿಸುತ್ತಿದ್ದರಲ್ಲ, ಅದೇ ಪ್ರಯೋಗ. ಲೋಟದಲ್ಲಿ ಇಂಕು ಚೆಲ್ಲಿದ ಹಾಗೆ ಕಡುನೀಲಿ ಆಯಿತು. ನೀಲಿ ಬಂದರೆ ಪಿಷ್ಟ ಇದೆ ಅಂತ ಅರ್ಥ. ಅಣಬೆಯಲ್ಲಿ ಪಿಷ್ಟ ಇರುವುದಿಲ್ಲ. ನೀವೂ ಮಾಡಿ ನೋಡಿ, ನಾದಿನಿಯ ಯಜಮಾನರ ಎದುರಿಗೇ. ಅವರ ಮೇಲೆ ಕೋಪ ಬೇಡ, ಪಾಪ ಅವರೂ ಯಾರೋ ಹೇಳಿದ್ದನ್ನು ನಂಬಿ ತಂದಿರುತ್ತಾರೆ. ಅಯೋಡಿನ್ ಬಿಟ್ಟ ಲೋಟ ತೊಳೆದಿಡುವುದು ಮರೆಯಬೇಡಿ.

ಲೇಬಲ್ಲಿನ ಮೇಲೆ "ಓರ್ಯಾಕ್" ಅಂತ ಐದಂಕಿಯ ಸಂಖ್ಯೆ ಇದ್ದರೆ ಅದಕ್ಕೂ ಮರುಳಾಗಬೇಡಿ. ಗಾಜಿನ ನಳಿಗೆಯಲ್ಲಿ ಆ್ಯಂಟಿಆಕ್ಸಿಡೆಂಟ್ ಬಲ ಅಳೆಯುವ ಲೆಕ್ಕ ಅದು. ದೇಹದೊಳಗಿನ ಪರಿಣಾಮಕ್ಕೂ ಅದಕ್ಕೂ ಸಂಬಂಧ ಕಾಣದೆ, ಕಂಪನಿಗಳು ಅದನ್ನು ಜಾಹೀರಾತಿಗೆ ದುರುಪಯೋಗ ಮಾಡುತ್ತಿವೆ ಅಂತ ಅಮೆರಿಕದ ಕೃಷಿ ಇಲಾಖೆ ತನ್ನ ಓರ್ಯಾಕ್ ಪಟ್ಟಿಯನ್ನೇ 2012ರಲ್ಲಿ ತೆಗೆದುಹಾಕಿತು. ಎಫ್‌ಎಸ್‌ಎಸ್‌ಎಐ ನಂಬರ್ ಇದೆ ಅನ್ನುತ್ತೀರಾ? ಉಪ್ಪಿನಕಾಯಿ ಬಾಟಲಿಯ ಮೇಲೂ ಇರುತ್ತದೆ. ತಯಾರಿಸಿ ಮಾರಲು ಪರವಾನಗಿ ಅದು, ಕಾಯಿಲೆ ವಾಸಿ ಮಾಡುತ್ತದೆ ಅನ್ನುವ ಸರ್ಟಿಫಿಕೇಟ್ ಅಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ನನಗೆ ಹೆಚ್ಚು ಇಷ್ಟವಾದದ್ದು ಅದೇ. ಊರಿನ ಅಣಬೆ ತಿನ್ನಿಸಬಹುದಾ? ಖಂಡಿತ. ಔಷಧ ಅಂತ ಅಲ್ಲ, ಪಲ್ಯ ಅಂತ, ಸಾರು ಅಂತ.

ಅಣಬೆಯಲ್ಲಿ ಎರ್ಗೋಥಯೋನೀನ್ ಎಂಬ ಒಂದು ಆ್ಯಂಟಿಆಕ್ಸಿಡೆಂಟ್ ಇದೆ. ಫ್ರಾನ್ಸಿನ ಶಾರ್ಲ್ ತಾನ್ರೆ 1909ರಲ್ಲಿ ರೈ ಧಾನ್ಯಕ್ಕೆ ಹಿಡಿಯುವ ಒಂದು ಶಿಲೀಂಧ್ರದಲ್ಲಿ ಅದನ್ನು ಕಂಡುಹಿಡಿದರು. ನಮ್ಮ ದೇಹ ಅದನ್ನು ತಯಾರಿಸಲಾರದು, ಊಟದಿಂದಲೇ ಬರಬೇಕು. ವಿಚಿತ್ರ ಏನು ಅಂದರೆ, ಅದನ್ನು ಒಳಗೆ ಎಳೆದುಕೊಳ್ಳಲೆಂದೇ ನಮ್ಮ ಕೋಶಗಳಿಗೆ ಒಂದು ಬಾಗಿಲಿದೆ. ಇದು ಗೊತ್ತಾದದ್ದು 2005ರಲ್ಲಿ. ದೇಹ ಇಷ್ಟು ಆಸೆಯಿಂದ ಕೂಡಿಟ್ಟುಕೊಳ್ಳುತ್ತದೆ ಅಂದರೆ ಏನೋ ಕೆಲಸ ಇದ್ದೇ ಇರಬೇಕು ಅಂತ ಸಂಶೋಧಕರು ಹಿಂದೆ ಬಿದ್ದಿದ್ದಾರೆ. ಬೇಯಿಸಿದರೂ ಅದು ಅಷ್ಟಾಗಿ ಹಾಳಾಗುವುದಿಲ್ಲ. ಅಂಗಡಿಯ ಬಿಳಿ ಬಟನ್ ಅಣಬೆಗಿಂತ ಚಿಪ್ಪಣಬೆಯಲ್ಲಿ ಜಾಸ್ತಿ. ನಿಮ್ಮ ಕಡೆ ಭತ್ತದ ಹುಲ್ಲಿನಲ್ಲಿ ಬೆಳೆಯುವುದು ಇದನ್ನೇ ಅಲ್ವಾ? ನಾಲ್ಕು ದೇಶ ಸುತ್ತಿ ಬಂದ ಡಬ್ಬಿ ಯಾಕೆ ಬೇಕು?

ನಿಮ್ಮ ಮಗನಿಗೆ ಅಣಬೆ ಇನ್ನೊಂದು ಕಾರಣಕ್ಕೆ ಒಳ್ಳೆಯದು. ಸ್ಟೀರಾಯ್ಡಿನಿಂದ ಅವನಿಗೆ ಸದಾ ಹಸಿವು. ತೂಕ ಏರಿದರೆ ಸೋತ ಕಾಲುಗಳಿಗೆ ಹೊರೆ. ಹಸಿ ಅಣಬೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ಹೊಟ್ಟೆ ತುಂಬುತ್ತದೆ, ಮೈ ಏರುವುದಿಲ್ಲ. ರಾತ್ರಿ ಅನ್ನ ಎರಡನೇ ಸಲ ಬಡಿಸುವ ಬದಲು ಒಂದು ಬಟ್ಟಲು ಅಣಬೆ ಪಲ್ಯ ಬಡಿಸಿ. ಮಧ್ಯಾಹ್ನ ಸಣ್ಣ ಮುದ್ದೆ, ಅಣಬೆ ಸಾರು. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ಮೂಳೆಗೆ ಬೇಕಾದದ್ದೇ. ಪ್ಯಾಕೆಟ್ ಅಣಬೆ ಸೂಪು ಮಾತ್ರ ಬೇಡ, ಅದರಲ್ಲಿ ಉಪ್ಪು ಸುರಿದಿರುತ್ತಾರೆ. ಸ್ಟೀರಾಯ್ಡ್ ಜೊತೆ ಉಪ್ಪು ಸೇರಿದರೆ ಬಿಪಿ ಏರುತ್ತದೆ, ಊತ ಜಾಸ್ತಿ.

ಒಂದು ಉಪಾಯ ಹೇಳುತ್ತೇನೆ. ಸ್ಟೀರಾಯ್ಡ್ ಮೂಳೆಯನ್ನು ಟೊಳ್ಳು ಮಾಡುತ್ತದೆ, ಅದಕ್ಕೆ ವಿಟಮಿನ್ ಡಿ ಬೇಕು. ಅಣಬೆಗೆ ಬಿಸಿಲು ತಾಗಿದರೆ ಅದರಲ್ಲಿ ವಿಟಮಿನ್ ಡಿ ತಯಾರಾಗುತ್ತದೆ, ಕೊಯ್ದ ಮೇಲೂ. ಅಡುಗೆಗೆ ಮೊದಲು ಅಣಬೆಯನ್ನು ಸೀಳಿ ಮೊರದ ಮೇಲೆ ಹರಡಿ. ಅಡಿಯ ಗೆರೆಗೆರೆ ಇರುವ ಭಾಗ ಮೇಲೆ ಬರಲಿ. ಹನ್ನೆರಡು ಗಂಟೆಯ ಹೊತ್ತಿಗೆ ತಾರಸಿಯಲ್ಲಿ ನೇರ ಬಿಸಿಲಿಗೆ ಅರ್ಧ ಗಂಟೆ, ಒಂದು ಗಂಟೆ ಇಡಿ. ಗಾಜಿನ ಹಿಂದೆ ಇಟ್ಟರೆ ಆಗುವುದಿಲ್ಲ. ಅಂಚು ಸ್ವಲ್ಪ ಬಾಡಿ ಸುರುಳಿಯಾಗುತ್ತದೆ, ಒಣ ಹುಲ್ಲಿನ ವಾಸನೆ ಬರುತ್ತದೆ, ಆಗ ತೆಗೆಯಿರಿ. ಚಮಚ ಎಣ್ಣೆ ಹಾಕಿ ಹುರಿದರೆ ವಿಟಮಿನ್ ಮೈಗೆ ಹತ್ತುತ್ತದೆ. ಹಾಗಂತ ಡಾಕ್ಟರು ಕೊಟ್ಟ ಡಿ ಮಾತ್ರೆ ಬಿಡಬೇಡಿ. ಇದು ಅದರ ಮೇಲಿನ ಒಗ್ಗರಣೆ.

ವಾರಕ್ಕೆ ಎರಡು ಮೂರು ಸಲ ಸಾಕು. ಚೆನ್ನಾಗಿ ಬೇಯಿಸಿ, ಹಸಿಯಾಗಿ ಬೇಡ. ಚಿಪ್ಪಣಬೆ ನಾರು ನಾರು, ಸಣ್ಣಗೆ ಹೆಚ್ಚಿ. ಈಗ ಅವನಿಗೆ ನುಂಗಲು ತೊಂದರೆ ಇಲ್ಲದಿರಬಹುದು. ಮುಂದೆ ಊಟದ ನಡುವೆ ಕೆಮ್ಮು ಬಂದರೆ, ನೀರು ಕುಡಿಯುವಾಗ ನೆತ್ತಿಗೆ ಹತ್ತಿದರೆ, ಮೈಸೂರಿನಲ್ಲಿ ಮಾನಸಗಂಗೋತ್ರಿಯ ಪಕ್ಕದ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಬನ್ನಿ. ಅಲ್ಲಿ ಮಾತು, ಕಿವಿಯ ಜೊತೆಗೆ ನುಂಗುವ ತೊಂದರೆಯನ್ನೂ ನೋಡುತ್ತಾರೆ. ಎಎಲ್‌ಎಸ್ ಇರುವವರ ಮನೆಯವರಿಗೂ ಇದು ಗೊತ್ತಿರಲಿ.

ಮನೆಯಲ್ಲೇ ಬೆಳೆಯುವ ಆಸೆ ಬಂದರೆ ಒಳ್ಳೆಯದೇ, ಆದರೆ ಅವನು ಮಲಗುವ ಕೋಣೆಯಲ್ಲಿ ಬ್ಯಾಗ್ ನೇತುಹಾಕಬೇಡಿ. ಚಿಪ್ಪಣಬೆ ಅರಳಿದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬೀಜದ ಪುಡಿ ಉದುರಿಸುತ್ತದೆ. ಅಣಬೆ ಶೆಡ್ಡಿನಲ್ಲಿ ದುಡಿಯುವವರಿಗೆ ಅದರಿಂದ ಶ್ವಾಸಕೋಶದ ಅಲರ್ಜಿ ಬರುವುದುಂಟು. ಕೆಮ್ಮುವ ಬಲವೇ ಕಡಿಮೆ ಇರುವ ಮಗುವಿಗೆ ಅದು ಬೇಡ. ದೂರದ ಕೊಟ್ಟಿಗೆಯಲ್ಲಿ ಬೆಳೆಯಿರಿ, ಪೂರ್ತಿ ಅರಳುವ ಮೊದಲೇ ಕೊಯ್ಯಿರಿ. ಮಳೆ ಬಿದ್ದ ಮೇಲೆ ಬದುವಿನಲ್ಲಿ ಎದ್ದ ಅಣಬೆಯನ್ನು ಅವನಿಗೆ ಕೊಡಲೇಬೇಡಿ. ಹುತ್ತದ ಅಣಬೆ ರುಚಿ ನನಗೂ ಗೊತ್ತು, ಅದಕ್ಕೆ ಎಷ್ಟು ಆಸೆ ಪಡುತ್ತೇವೆ ಅಂತಲೂ ಗೊತ್ತು. ಆದರೆ ಗುರುತು ತಪ್ಪಿದರೆ ಲಿವರೇ ಹೋಗುತ್ತದೆ. ಅವನ ಲಿವರಿನ ನಾಯಿ ಸದಾ ಬೊಗಳುತ್ತಿರುವುದರಿಂದ ಕಳ್ಳ ಬಂದದ್ದು ಬೇಗ ತಿಳಿಯುವುದಿಲ್ಲ ಅಂತ ಆಗಲೇ ಹೇಳಿದೆನಲ್ಲ.

3,800 ರೂಪಾಯಿ ಅಂದರೆ ವರ್ಷಕ್ಕೆ 45,600. ಕಬ್ಬಿನ ದುಡ್ಡು ಯಾವಾಗ ಬರುತ್ತದೋ ಅಂತ ಕಾಯುವ ಮನೆಗಳಿಗೆ ಅದು ಎಷ್ಟು ಅಂತ ನಾನು ಹೇಳಬೇಕಿಲ್ಲ. "ಕೋಶ ಕಾಪಾಡುವ" ಕೆಲಸಕ್ಕೇ ಆ ದುಡ್ಡು ಹಾಕಬೇಕು ಅಂತಿದ್ದರೆ, ಅದರಲ್ಲಿ ಸಣ್ಣ ಪಾಲಿಗೆ ಸಿಗುವ ಒಂದು ಹಳೆಯ ಮಾತ್ರೆ ಇದೆ, ಬಿಪಿಯದು. ಫ್ರಾನ್ಸಿನಲ್ಲಿ ಹೃದಯ ಇನ್ನೂ ಚೆನ್ನಾಗಿದ್ದ 57 ಡುಶೇನ್ ಹುಡುಗರನ್ನು ಎರಡು ಗುಂಪು ಮಾಡಿದರು. 28 ಜನಕ್ಕೆ ಪೆರಿಂಡೋಪ್ರಿಲ್ ಮೊದಲೇ ಶುರು ಮಾಡಿದರು, 29 ಜನಕ್ಕೆ ಮೂರು ವರ್ಷ ಬಿಟ್ಟು. ಹತ್ತು ವರ್ಷದ ಮೇಲೆ ನೋಡಿದರೆ ಮೊದಲ ಗುಂಪಿನಲ್ಲಿ 26 ಹುಡುಗರು ಬದುಕಿದ್ದರು, ಎರಡನೆಯದರಲ್ಲಿ 19. ಇಷ್ಟೇ ವ್ಯತ್ಯಾಸ, ಮೂರು ವರ್ಷ ಬೇಗ ಶುರು ಮಾಡಿದ್ದು. ಅದಕ್ಕೇ ಈಗ ಹೃದಯ ಚೆನ್ನಾಗಿದ್ದರೂ ಹತ್ತನೇ ವಯಸ್ಸಿಗೆ ಈ ಜಾತಿಯ ಮಾತ್ರೆ ಶುರು ಮಾಡಿ ಅನ್ನುತ್ತಾರೆ. ನಿಮ್ಮ ಮಗನಿಗೆ ಹತ್ತು. ನಿಮ್ಮ ಪತ್ರದಲ್ಲಿ ಆ ಮಾತ್ರೆಯ ಹೆಸರು ಇಲ್ಲ. ಬಿಟ್ಟುಹೋಗಿದ್ದರೆ ಸಂತೋಷ. ಇನ್ನೂ ಶುರುವಾಗಿಲ್ಲದಿದ್ದರೆ ಈ ವಾರವೇ ಕೇಳಿ.

ವರ್ಷಕ್ಕೊಮ್ಮೆ ಹೃದಯದ ಎಕೋ ಸ್ಕ್ಯಾನ್, ಉಸಿರಾಟದ ಪರೀಕ್ಷೆ, ಬೆನ್ನಿನ ಎಕ್ಸ್‌ರೇ ಇವೆಲ್ಲ ನಿಮ್ಮ ಡಾಕ್ಟರು ಹೇಳಿಯೇ ಇರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಸ್ನಾಯು ಕಾಯಿಲೆಗೆ ಪ್ರತ್ಯೇಕ ಕ್ಲಿನಿಕ್ ಇದೆ, ಜೀನ್ ರಿಪೋರ್ಟ್ ಹಿಡಿದು ಒಮ್ಮೆ ಹೋಗಿಬನ್ನಿ. ಹಲ್ಲಿಗೋ ಮೂಳೆಗೋ ಅರಿವಳಿಕೆ ಕೊಡುವ ಸಂದರ್ಭ ಬಂದರೆ ಡುಶೇನ್ ಅಂತ ಮೊದಲೇ ಹೇಳಿ, ಅರಿವಳಿಕೆಯ ಕೆಲವು ಔಷಧಗಳು ಇವರಿಗೆ ಆಗಿಬರುವುದಿಲ್ಲ. ಮಸ್ಕ್ಯುಲರ್ ಡಿಸ್ಟ್ರೋಫಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಒಂದು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಲ್ಲದಿದ್ದರೆ ಅರ್ಜಿ ಹಾಕಿ.

ನೀವು ಕೇಳದೇ ಇದ್ದ ಒಂದು ವಿಷಯ. ಮೂರರಲ್ಲಿ ಸುಮಾರು ಒಂದು ಮಗುವಿಗೆ ಈ ದೋಷ ಹೊಸದಾಗಿ ಹುಟ್ಟಿರುತ್ತದೆ. ಉಳಿದವರಿಗೆ ತಾಯಿಯಿಂದ ಬಂದಿರುತ್ತದೆ. ಅದು ಯಾರ ತಪ್ಪೂ ಅಲ್ಲ, ಮನೆಯಲ್ಲಿ ಯಾರಾದರೂ ಹಾಗೆ ಅಂದರೆ ಈ ಪತ್ರ ಓದಲು ಕೊಡಿ. ಆದರೆ ಆ ಜೀನ್ ಹೊತ್ತ ತಾಯಂದಿರಲ್ಲಿ ಕೆಲವರಿಗೆ, ಕೈಕಾಲು ಗಟ್ಟಿಯಾಗಿದ್ದರೂ, ಹೃದಯದ ಸ್ನಾಯು ನಿಧಾನವಾಗಿ ಸೋಲುತ್ತದೆ. ನಿಮ್ಮ ಜೀನ್ ಪರೀಕ್ಷೆ ಆಗಿದೆಯೋ ಇಲ್ಲವೋ ಬರೆದಿಲ್ಲ. ಮಗನನ್ನು ಎಕೋಗೆ ಕರೆದುಕೊಂಡು ಹೋದ ದಿನ ನಿಮ್ಮದನ್ನೂ ಮಾಡಿಸಿಕೊಂಡು ಬನ್ನಿ.